ದೋಣಿಗೆ ತೂತು ಯಾಕೆ ಬಿಡ್ತಾರೆ?

"ದೋಣಿ ಮಾಡೋರೇ ಅದಕ್ಕೆ ತೂತು ಯಾಕೋ ಬಿಡ್ತಾರೆ?"

ಚಿಕ್ಕಪ್ಪ ಕೇಳಿದ ಮೊದಲ ಪ್ರಶ್ನೆ ಇದು. ಸಂಕ್ರಾಂತಿಗೆ ಅಂತ ಕೋಲಾರಕ್ಕೆ ಬಂದಿದ್ದೇನೆ. ಜಗಲಿ ಮೇಲೆ ಚಿಕ್ಕಮ್ಮ ನೆನೆಸಿದ ಅವರೆಕಾಳು ಹಿದುಕುತ್ತಾ ಕೂತಿದ್ದರು. ನಾನು ಫೋನಿನಲ್ಲಿ ನನ್ನ ದೋಣಿಯ ಫೋಟೋ ತೋರಿಸುತ್ತಿದ್ದೆ. ಚಿಕ್ಕಪ್ಪ ಒಂದು ಫೋಟೋದ ಮೇಲೆ ಬೆರಳಿಟ್ಟು ನಿಲ್ಲಿಸಿದರು. ದೋಣಿಯ ಹಿಂಬದಿ, ತಳಕ್ಕೆ ಅಂಟಿದ ಹಾಗೆ, ಹೆಬ್ಬೆರಳು ತೂರುವಷ್ಟು ದೊಡ್ಡ ತೂತು. ಇಷ್ಟು ಸಲ ಆ ಫೋಟೋ ಎಷ್ಟೋ ಜನಕ್ಕೆ ತೋರಿಸಿದ್ದೇನೆ. ಯಾರೂ ಅದನ್ನು ನೋಡಿರಲಿಲ್ಲ. ನೀರಿನ ಮೇಲೆ ಹೊಟ್ಟೆ ಹೊರೆಯುವವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ನಾನಿರುವುದು ಅಮೆರಿಕದ ಮಿನ್ನೆಸೋಟದಲ್ಲಿ, ಸೇಂಟ್ ಪಾಲ್ ಹತ್ತಿರ. ಆ ಒಂದು ರಾಜ್ಯದಲ್ಲಿ 10 ಎಕರೆಗಿಂತ ದೊಡ್ಡ ಕೆರೆಗಳೇ 11,842 ಇವೆ. ಕೋಲಾರದವರ ಕಿವಿಗೆ ಆ ಸಂಖ್ಯೆ ಹೇಗೆ ಕೇಳಿಸುತ್ತದೆ ಅಂತ ನಿಮಗೆ ಗೊತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮೂರ ಕೆರೆಯೊಳಗೆ ಕ್ರಿಕೆಟ್ ಆಡುತ್ತಿದ್ದೆವು. ಸಾವಿರ ಅಡಿ ಬೋರ್ ಕೊರೆಸಿದರೂ ಬರೀ ದೂಳು. 2018ರಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಆಮೇಲೆ ಒಂದೊಂದೇ ಕೆರೆ ತುಂಬುತ್ತಾ ಹೋಯಿತು. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ, ಅಂತರ್ಜಲ ಏರಲಿ ಅಂತ ಬಿಡುವ ನೀರು ಅದು. ಅದರ ಬಗ್ಗೆ ಊರಿನಲ್ಲಿ ಎರಡು ಮಾತಿದೆ, ಅದು ಬೇರೆ ಕಥೆ. ಕೆರೆ ತುಂಬಿದ ಮೇಲೆ, ಟೊಮೆಟೊ ಮಂಡಿಯಲ್ಲಿ ಮೂಟೆ ಎತ್ತುತ್ತಿದ್ದ ನಮ್ಮ ಚಿಕ್ಕಪ್ಪ ಮೀನಿನ ಟೆಂಡರ್ ಹಿಡಿದವರ ಜೊತೆ ಸೇರಿ ಬಲೆ ಬಿಡಲು ಶುರು ಮಾಡಿದರು. ಈಗ ಅದೇ ಅವರ ಜೀವನ.

ಅವರ ತೆಪ್ಪ ಅಂದರೆ ಎರಡು ದಪ್ಪ ಥರ್ಮಾಕೋಲ್ ಹಲಗೆ. ಮೇಲೆ ಯೂರಿಯಾ ಚೀಲ ಹೊದಿಸಿ, ಸುತ್ತ ಹಳೇ ಬಲೆ ಬಿಗಿದು ಕಟ್ಟಿದ್ದಾರೆ. ಅದರ ಮೇಲೆ ಮಂಡಿಯೂರಿ ಕೂತು, ಎರಡು ಕೈಯಲ್ಲೂ ಚಿಕ್ಕ ಹಲಗೆ ಹಿಡಿದು ನೀರು ತಳ್ಳುತ್ತಾ ಹೋಗುತ್ತಾರೆ. ನನ್ನದು 14 ಅಡಿ ಉದ್ದ, 5 ಅಡಿ ಅಗಲದ ಅಲ್ಯೂಮಿನಿಯಂ ದೋಣಿ. ಹಳೆಯದು. ಅದನ್ನು ಕಾರಿನ ಹಿಂದೆ ಕಟ್ಟಿ ಎಳೆಯುವ ಟ್ರೇಲರ್ ಸೇರಿ ನಮ್ಮ ಲೆಕ್ಕದಲ್ಲಿ ಒಂದು ಲಕ್ಷದ ಮೇಲೆ ಸ್ವಲ್ಪ ಆಯಿತು. ಅದನ್ನು ಕೆರೆಗೆ ತಯಾರು ಮಾಡುವುದಕ್ಕೆ ಒಂದಿಡೀ ಚಳಿಗಾಲ ಹಿಡಿಯಿತು. ಬಣ್ಣಕ್ಕಿಂತ, ಸೀಟಿಗಿಂತ, ಮೀನು ಹುಡುಕುವ ಯಂತ್ರಕ್ಕಿಂತ ಮೊದಲು ಕಲಿಯಬೇಕಾದದ್ದು ನೀರು ಎಲ್ಲಿಂದ ಬರುತ್ತದೆ, ಬಂದದ್ದು ಕಣ್ಣಿಗೆ ಕಾಣುತ್ತದೋ ಇಲ್ಲವೋ ಅನ್ನುವುದು. ನಾನು ಅದನ್ನು ತಡವಾಗಿ ಕಲಿತೆ.

ತೂತಿನ ವಿಷಯ. ದೋಣಿಯನ್ನು ಟ್ರೇಲರ್ ಮೇಲೆ ಹೊರಗೆ ನಿಲ್ಲಿಸಿದಾಗ ಮಳೆ ನೀರು ತುಂಬುತ್ತದೆ. ಮುಂಭಾಗ ಸ್ವಲ್ಪ ಎತ್ತಿಟ್ಟರೆ ನೀರೆಲ್ಲಾ ಹಿಂದಿನ ತೂತಿನಿಂದ ಹರಿದುಹೋಗುತ್ತದೆ. ನೀರಿಗೆ ಇಳಿಸುವ ಮುಂಚೆ ಬಿರಡೆ ಹಾಕಿ ಬಿಗಿಯಬೇಕು. ಮಿನ್ನೆಸೋಟದಲ್ಲಿ ಇನ್ನೊಂದು ಕಾರಣವೂ ಇದೆ. ಅಲ್ಲಿನ ಕೆರೆಗಳಿಗೆ ಜೀಬ್ರಾ ಮಸಲ್ ಅನ್ನುವ ಪಟ್ಟೆ ಪಟ್ಟೆ ಕಪ್ಪೆಚಿಪ್ಪು ಹೊರಗಿನಿಂದ ಬಂದು ಸೇರಿಕೊಂಡಿದೆ. ಬೆರಳಿನ ಉಗುರಿನಷ್ಟಿರುತ್ತದೆ. ಮರಿಗಳು ಕಣ್ಣಿಗೇ ಕಾಣುವುದಿಲ್ಲ. ದೋಣಿಯ ತಳದಲ್ಲಿ ಉಳಿದ ನೀರಿನ ಜೊತೆ ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗಿಬಿಡುತ್ತವೆ. ಅದಕ್ಕೇ ರಸ್ತೆಯಲ್ಲಿ ದೋಣಿ ಎಳೆದುಕೊಂಡು ಹೋಗುವಾಗ ಬಿರಡೆ ತೆಗೆದಿರಲೇಬೇಕು ಅಂತ ಕಾನೂನು. ತಪ್ಪಿದರೆ ದಂಡ. ನಮ್ಮ ಕೆರೆಗಳಲ್ಲಿ ಕಳೆ ಹೇಗೆ ಒಂದು ಕಡೆಯಿಂದ ಇನ್ನೊಂದು ಕಡೆ ಹಬ್ಬುತ್ತದೋ ಹಾಗೇ ಅಂದೆ. ಚಿಕ್ಕಪ್ಪ ತಲೆದೂಗಿದರು.

ತೆಗೆದ ಬಿರಡೆಯನ್ನು ಮತ್ತೆ ಹಾಕುವುದು ಮರೆತರೆ? ನಾನು ಮರೆತಿದ್ದೆ. ದೋಣಿ ಇಳಿಸಿದ ಮೊದಲ ದಿನವೇ. ಮೇ ತಿಂಗಳ ನಡುವಿನ ಶನಿವಾರ. ವಾಲೈ ಅನ್ನುವ ಮೀನು ಹಿಡಿಯಲು ಅವತ್ತಿನಿಂದ ಅನುಮತಿ, ಆ ರಾಜ್ಯದಲ್ಲಿ ಹಬ್ಬದ ಹಾಗೆ. ದೋಣಿಯಲ್ಲಿ ನಾನು, ಹೆಂಡತಿ, 9 ವರ್ಷದ ಮಗಳು. ದಡದಿಂದ ನೂರು ಅಡಿ ಹೋಗಿರಬಹುದು. ಮಗಳು, "ಅಪ್ಪಾ, ನನ್ನ ಸಾಕ್ಸ್ ಒದ್ದೆ ಆಗ್ತಿದೆ" ಅಂದಳು. ಕೆಳಗೆ ನೋಡಿದೆ. ನೆಲಕ್ಕೆ ಹಾಕಿದ್ದ ಹಸಿರು ಕಾರ್ಪೆಟ್ ಮೇಲಿಂದ ಒಣಗಿದ ಹಾಗೇ ಕಾಣುತ್ತಿತ್ತು. ಅವಳ ಬೂಟಿನ ಸುತ್ತ ಮಾತ್ರ ಬಣ್ಣ ಕಡುವಾಗಿತ್ತು. ಕೈಯಿಂದ ಒತ್ತಿದರೆ ನೀರು ಬುಳುಬುಳು ಅಂತ ಮೇಲೆ ಬಂತು. ಅಂದರೆ ಕಾರ್ಪೆಟ್ ಅಡಿಯ ಪ್ಲೈವುಡ್ ಹಲಗೆಯ ಕೆಳಗೆ ದೋಣಿ ಆಗಲೇ ತುಂಬುತ್ತಿತ್ತು.

ಮೇನಲ್ಲಿ ಅಲ್ಲಿನ ನೀರು ಇನ್ನೂ ಕೊರೆಯುತ್ತಿರುತ್ತದೆ. ಮಂಜುಗಡ್ಡೆ ಕರಗಿ ಒಂದು ತಿಂಗಳು ಆಗಿರುತ್ತದೆ ಅಷ್ಟೇ. ಅಂಥ ನೀರಿಗೆ ಬಿದ್ದರೆ ಮೊದಲು ಉಸಿರು ಕಟ್ಟುತ್ತದೆ, ಆಮೇಲೆ ಕೈಕಾಲು ಮರಗಟ್ಟುತ್ತದೆ. ಈಜು ಬಂದರೂ ಪ್ರಯೋಜನವಿಲ್ಲ. ಮೂರೂ ಜನ ಲೈಫ್ ಜಾಕೆಟ್ ಹಾಕಿದ್ದೆವು. ದೋಣಿ ತಿರುಗಿಸಿ ದಡ ಸೇರಿದೆವು. ಏನೂ ಆಗಲಿಲ್ಲ. ಆದರೆ ಆ ನೂರು ಅಡಿ ವಾಪಸ್ ಬರುವಾಗ ಮಗಳ ಮುಖ ನೋಡಿದ್ದು ಇವತ್ತಿಗೂ ಮರೆತಿಲ್ಲ.

ಮನೆಗೆ ಬಂದವನೇ ಕಾರ್ಪೆಟ್ ಕಿತ್ತು ಹಾಕಿದೆ. ನೆಲದ ಹಲಗೆಯಲ್ಲಿ, ಹಿಂದಿನ ಸೀಟಿನ ಮುಂದೆ, ಅಂಗೈಯಗಲದ ಚೌಕ ಕತ್ತರಿಸಿದೆ. ಈಗ ತಳ ಯಾವಾಗಲೂ ಕಣ್ಣಿಗೆ ಕಾಣುತ್ತದೆ. ಬಿರಡೆಯನ್ನು ಕಾರಿನ ಕೀಲಿ ಗೊಂಚಲಿಗೇ ಕಟ್ಟಿದ್ದೇನೆ. ದೋಣಿ ಇಳಿಸಬೇಕಾದರೆ ಕಾರು ಹಿಂದಕ್ಕೆ ತೆಗೆಯಬೇಕು, ಕಾರು ತೆಗೆಯಬೇಕಾದರೆ ಕೀಲಿ ಬೇಕು, ಕೀಲಿ ತೆಗೆದರೆ ಬಿರಡೆ ಕೈಗೆ ಬರುತ್ತದೆ.

"ನಮ್ದು ತೂತಿಲ್ಲ, ಬಿರಡೆ ಇಲ್ಲ. ಥರ್ಮಾಕೋಲ್ ನೀರು ಕುಡಿದ್ರೆ ಅಷ್ಟೇ ಕಷ್ಟ" ಅಂದರು ಚಿಕ್ಕಪ್ಪ.

ಅಲ್ಲಿಯೂ ಅದೇ ಕಷ್ಟ ಅಂದೆ. ಅಲ್ಯೂಮಿನಿಯಂ ದೋಣಿಯ ಸೀಟುಗಳ ಒಳಗೆ ಅದೇ ಜಾತಿಯ ಫೋಮ್ ತುಂಬಿರುತ್ತಾರೆ. ದೋಣಿಗೆ ನೀರು ತುಂಬಿದರೂ ಪೂರ್ತಿ ಮುಳುಗದೆ ತೇಲುತ್ತಾ ಇರಲಿ ಅಂತ. ಜಾಗ ಜಾಸ್ತಿ ಸಿಗುತ್ತದೆ, ಸಾಮಾನು ಇಡಬಹುದು ಅಂತ ಕೆಲವರು ಸೀಟು ಕಿತ್ತು ಆ ಫೋಮ್ ಬಿಸಾಕುತ್ತಾರೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಹಳೇ ದೋಣಿಯಲ್ಲಿ ಅದು ನೀರು ಕುಡಿದು ಭಾರವಾಗಿದ್ದರೆ ತೆಗೆದು, ಅಷ್ಟೇ ಹೊಸದನ್ನು ತುಂಬಬೇಕು. ನನ್ನ ಹಿಂದಿನ ಸೀಟಿನಿಂದ ತೆಗೆದ ತುಂಡು ನೆನೆದ ಮೂಟೆಯ ಹಾಗೆ ಇತ್ತು. ಚಿಕ್ಕಪ್ಪ ಎದ್ದು ಹೋಗಿ ತಮ್ಮ ತೆಪ್ಪದ ಒಂದು ಮೂಲೆ ಎತ್ತಿ ನೋಡಿ ಬಂದರು.

ಸೋರುವ ಜಾಗ ಹುಡುಕುವ ಉಪಾಯ ಅವರಿಗೆ ತುಂಬಾ ಇಷ್ಟವಾಯಿತು. ದೋಣಿಯನ್ನು ನೀರಿಗೆ ಇಳಿಸುವ ಬದಲು ನೀರನ್ನೇ ದೋಣಿಗೆ ಹಾಕಬೇಕು. ಟ್ರೇಲರ್ ಮೇಲಿರುವಾಗಲೇ ಬಿರಡೆ ಹಾಕಿ, ನಾಲ್ಕು ಬೆರಳು ನೀರು ತುಂಬಿ, ಕೆಳಗೆ ಮಲಗಿ ನೋಡಬೇಕು. ಎಲ್ಲಿ ಹನಿ ಕಾಣುತ್ತದೋ ಅಲ್ಲಿ ಮಾರ್ಕರ್‌ನಲ್ಲಿ ಗುರುತು. ಜಾಸ್ತಿ ತುಂಬಬಾರದು, ತೂಕಕ್ಕೆ ತಗಡು ಬಗ್ಗುತ್ತದೆ. ನನ್ನದರಲ್ಲಿ 7 ರಿವೆಟ್, ಅಂದರೆ ತಗಡು ಜೋಡಿಸುವ ಮೊಳೆಗಳು, ಸಡಿಲವಾಗಿದ್ದವು. ಹೊರಗಿನ ತಲೆಗೆ ಭಾರದ ಕಬ್ಬಿಣದ ತುಂಡನ್ನು ಹೆಂಡತಿ ಒತ್ತಿ ಹಿಡಿದಳು, ನಾನು ಒಳಗಿನಿಂದ ಸುತ್ತಿಗೆಯಲ್ಲಿ ಹೊಡೆದೆ. ಆಮೇಲೆ ದೋಣಿಗೆ ಬಳಸುವ ಅಂಟು ಹಚ್ಚಿದೆವು. ಏಟು ಮೆಲ್ಲಗೆ ಬೀಳಬೇಕು. ಜೋರಾಗಿ ಹೊಡೆದರೆ ಪಕ್ಕದ ರಿವೆಟ್ ಸಡಿಲವಾಗುತ್ತದೆ.

ನೆಲಕ್ಕೆ ಹಾಕುವ ಪ್ಲೈವುಡ್ ವಿಷಯದಲ್ಲಿ ಪಕ್ಕದ ಮನೆಯ ಯಜಮಾನರು ನನ್ನನ್ನು ಉಳಿಸಿದರು. ಹುಳ ಹಿಡಿಯದ, ಕೊಳೆಯದ ಹಾಗೆ ಔಷಧಿ ಹಾಕಿದ ಮರ ಅಂಗಡಿಯಲ್ಲಿ ಸಿಗುತ್ತದೆ. ನೀರಿನ ಕೆಲಸಕ್ಕೆ ಅದೇ ಸರಿ ಅಂತ ಯಾರಿಗಾದರೂ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು, ತಂದೂ ಇಟ್ಟಿದ್ದೆ. ಆದರೆ ಆ ಔಷಧಿಯಲ್ಲಿ ತಾಮ್ರ ಇರುತ್ತದೆ. ತಾಮ್ರ, ಅಲ್ಯೂಮಿನಿಯಂ ಎರಡೂ ಒದ್ದೆಯಲ್ಲಿ ಒಂದಕ್ಕೊಂದು ತಾಗಿದರೆ ಅಲ್ಯೂಮಿನಿಯಂ ಸವೆಯುತ್ತದೆ. ಅವರು ತಮ್ಮ ಹಳೇ ದೋಣಿಯ ಹಲಗೆ ಎತ್ತಿ ತೋರಿಸಿದರು. ಹಲಗೆ ಕೂತಿದ್ದ ಉದ್ದಕ್ಕೂ ಅಕ್ಕಿ ಹಿಟ್ಟಿನಂಥ ಬಿಳಿ ಪುಡಿ. ಬೆರಳಿಂದ ಒರೆಸಿದರೆ ಅದರ ಕೆಳಗೆ ಸೂಜಿ ಮೊನೆಯಷ್ಟು ಗುಳಿಗಳು. ಬೆಳಕು ಬಿಟ್ಟು ನೋಡಿದಾಗ ಒಂದೆರಡು ಈ ಕಡೆಯಿಂದ ಆ ಕಡೆಗೆ ತೂತಾಗಿದ್ದವು.

ಇಷ್ಟು ಹೊತ್ತು ಸುಮ್ನೆ ಕೇಳುತ್ತಿದ್ದ ಚಿಕ್ಕಮ್ಮ, "ಅದಕ್ಕೇ ಅಲ್ವಾ ಹುಣಸೆಹುಳಿ ಹಾಕಿದ ಮೀನು ಸಾರನ್ನ ಅಲ್ಯೂಮಿನಿಯಂ ಪಾತ್ರೇಲಿ ರಾತ್ರಿ ಇಡಬಾರದು ಅನ್ನೋದು. ತಳ ಹಂಗೇ ಗುಳಿ ಬೀಳುತ್ತೆ" ಅಂದರು. ಕಾರಣ ಬೇರೆಯಾದರೂ ಆ ಲೋಹದ ಸ್ವಭಾವ ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು. ನಾನು ಔಷಧಿ ಇಲ್ಲದ ಪ್ಲೈವುಡ್ ತಂದು, ಅಂಚುಗಳಿಗೂ ಬಿಡದೆ ನೀರು ಹೀರದ ಹಾಗೆ ಮೂರು ಸಲ ಎಪಾಕ್ಸಿ ಅಂಟು ಬಳಿದು ಹಾಕಿದೆ. ಅದೂ ಎಷ್ಟು ಬೇಕೋ ಅಷ್ಟೇ. 4 ಅಡಿಗೆ 8 ಅಡಿ, ಮುಕ್ಕಾಲು ಇಂಚು ದಪ್ಪದ ಒಂದು ಹಾಳೆಯೇ 30 ಕೆಜಿ ಹತ್ತಿರ ತೂಗುತ್ತದೆ.

ತೂಕದ ಲೆಕ್ಕ ಬಹಳ ಮುಖ್ಯ. ಅಲ್ಲಿ 20 ಅಡಿಗಿಂತ ಚಿಕ್ಕ ಮೋಟರ್ ದೋಣಿಗಳ ಮೇಲೆ ಎಷ್ಟು ಜನ, ಎಷ್ಟು ತೂಕ, ಎಷ್ಟು ಎಚ್.ಪಿ. ಮೋಟರ್ ಅಂತ ಬರೆದ ಚಿಕ್ಕ ತಗಡು ಹೊಡೆದಿರುತ್ತಾರೆ. 1972ರಿಂದ ಈ ನಿಯಮ ಇದೆ. ತಗಡು ಕಿತ್ತುಹೋಗಿದ್ದರೆ ಉದ್ದ, ಅಗಲ ಅಡಿಯಲ್ಲಿ ಗುಣಿಸಿ 15ರಿಂದ ಭಾಗಿಸುವುದು ರೂಢಿ. ನನ್ನದು 14 ಇಂಟು 5, ಅಂದರೆ 70. ಭಾಗಿಸಿದರೆ ನಾಲ್ಕೂವರೆ ಚಿಲ್ಲರೆ, ಹಾಗಾಗಿ 4 ಜನ. ಅಲೆ ಇಲ್ಲದ ದಿನದ ಲೆಕ್ಕ ಅದು. ಮಿಲ್ ಲ್ಯಾಕ್ಸ್ ಅನ್ನುವ ಕೆರೆ 500 ಚದರ ಕಿಲೋಮೀಟರಿಗೂ ದೊಡ್ಡದು. ಗಾಳಿ ಎದ್ದರೆ ಸಮುದ್ರದ ಹಾಗೆ ಆಗುತ್ತದೆ. ನನ್ನ ದೋಣಿಯನ್ನು ನಾನು ಅಲ್ಲಿಗೆ ಒಯ್ಯುವುದಿಲ್ಲ.

ತೂಕ ಎಲ್ಲಿ ಕೂತಿದೆ ಅನ್ನುವುದೂ ಅಷ್ಟೇ ಮುಖ್ಯ. ಪೆಟ್ರೋಲ್ ಮೋಟರ್ ಹಿಂದೆ, ಪೆಟ್ರೋಲ್ ಟ್ಯಾಂಕ್ ಹಿಂದೆ, ನಡೆಸುವವನೂ ಹಿಂದೆ. ಬ್ಯಾಟರಿಯನ್ನೂ ಅಲ್ಲೇ ಇಟ್ಟರೆ ಮೂತಿ ಆಕಾಶ ನೋಡುತ್ತದೆ. ಅದಕ್ಕೆ ಬ್ಯಾಟರಿ ಮುಂದೆ ಇಟ್ಟೆ. ಮೀನಿನ ಹತ್ತಿರ ಸದ್ದಿಲ್ಲದೆ ಹೋಗುವುದಕ್ಕೆ ಕರೆಂಟಿನ ಚಿಕ್ಕ ಮೋಟರ್ ಬೇಕು. ಅದಕ್ಕೆ ಕಾರಿನ ಬ್ಯಾಟರಿ ಆಗುವುದಿಲ್ಲ, ಮನೆಯ ಯುಪಿಎಸ್‌ಗೆ ಹಾಕುವಂಥದ್ದು ಬೇಕು. ಮೆಲ್ಲಗೆ, ಬಹಳ ಹೊತ್ತು ಕೊಡುವಂಥದ್ದು. ಇನ್ನೊಂದು ಮಾತು. ಬೈಕಿನಲ್ಲಿ ಕರೆಂಟ್ ವಾಪಸ್ ಬರುವ ವೈರಿನ ಬದಲು ಬಾಡಿಯನ್ನೇ ಬಳಸಿರುತ್ತಾರೆ. ದೋಣಿಯಲ್ಲಿ ಹಾಗೆ ಮಾಡಲೇಬಾರದು. ಕರೆಂಟ್ ತಗಡಿನಲ್ಲಿ ಹರಿದರೆ ಅದೂ ಅಲ್ಯೂಮಿನಿಯಂ ತಿನ್ನುತ್ತದೆ. ಎರಡೂ ವೈರು ಬ್ಯಾಟರಿ ತನಕ ಹೋಗಬೇಕು. ಬ್ಯಾಟರಿ ಪಕ್ಕದಲ್ಲೇ ಬ್ರೇಕರ್ ಇರಬೇಕು.

ಮೀನು ಹುಡುಕುವ ಯಂತ್ರದ ಬಗ್ಗೆ ಒಂದೇ ಮಾತು. ಅದರ ಕಣ್ಣನ್ನು, ಅಂದರೆ ನೀರೊಳಗೆ ಮೀನು ಪತ್ತೆ ಮಾಡುವ ಭಾಗವನ್ನು, ದೋಣಿಯ ಹಿಂಬದಿಗೆ ಸ್ಕ್ರೂ ಹಾಕಿ ಕೂರಿಸಬೇಕು. ಜಾಗ ಬದಲಿಸಿದ ಹಾಗೆಲ್ಲಾ ಹೊಸ ತೂತು. ಅದರ ಬದಲು ಅಡುಗೆಮನೆಯ ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಹಲಗೆಯನ್ನು ಒಮ್ಮೆ ಕೂರಿಸಿ, ಮಿಕ್ಕ ತೂತೆಲ್ಲಾ ಆ ಹಲಗೆಗೇ ಹೊಡೆದೆ.

ಈ ಸಲ ಸೂಟ್‌ಕೇಸಿನಲ್ಲಿ ಎರಡು ಲೈಫ್ ಜಾಕೆಟ್ ತಂದಿದ್ದೆ. ಮಿನ್ನೆಸೋಟದಲ್ಲಿ ದೋಣಿಯಲ್ಲಿ ತಲೆಗೊಂದು ಇರಲೇಬೇಕು. 10 ವರ್ಷದೊಳಗಿನ ಮಕ್ಕಳು ದೋಣಿ ಹೊರಟ ಮೇಲೆ ಹಾಕಿಕೊಂಡೇ ಇರಬೇಕು. ನಮ್ಮ ಕೆರೆಗಳು ತುಂಬಿದ್ದು ಖುಷಿಯೇ. ಆದರೆ ಒಣ ಕೆರೆಯಲ್ಲಿ ಬೆಳೆದ ನನ್ನ ವಯಸ್ಸಿನವರಿಗೆ, ನಮ್ಮ ಮಕ್ಕಳಿಗೆ ಈಜೇ ಬರುವುದಿಲ್ಲ. ಮಣ್ಣು ತೆಗೆದ ಗುಂಡಿಗಳು ನೀರಿನಡಿ ಎಲ್ಲಿವೆ ಅಂತ ಯಾರಿಗೂ ಕಾಣುವುದಿಲ್ಲ.

"ನಂಗೆ ಈಜು ಬರುತ್ತೆ ಕಣೋ. ಇದು ಹಾಕ್ಕೊಂಡ್ರೆ ಬಲೆ ಎಳೆಯೋಕೆ ಕೈ ಆಡಲ್ಲ" ಅಂದರು ಚಿಕ್ಕಪ್ಪ.

"ಕಾಲಿಗೆ ಬಲೆ ಸಿಕ್ಕಿಕೊಂಡ್ರೆ ಈಜು ಏನ್ಮಾಡುತ್ತೆ ಚಿಕ್ಕಪ್ಪಾ?"

ಅವರು ಮಾತಾಡಲಿಲ್ಲ. ಹೆಗಲಿನ ಪಟ್ಟಿ ಎರಡು ಬೆರಳು ಬಿಗಿ ಮಾಡಿ, ಪಕ್ಕದ್ದು ಸಡಿಲ ಮಾಡಿ ಮತ್ತೆ ತೊಡಿಸಿದೆ. ಎರಡೂ ಕೈ ಮುಂದೆ ಚಾಚಿ ಬಲೆ ಎಳೆಯುವ ಹಾಗೆ ಮಾಡಿ ನೋಡಿದರು. ನಾಲ್ಕೈದು ಸಲ. ಆಮೇಲೆ ಮೊಮ್ಮಗನನ್ನು ಕರೆದರು. ಭಾನುವಾರ ಶಾಲೆ ಇಲ್ಲದಾಗ ಅವನೂ ತೆಪ್ಪ ಹತ್ತುತ್ತಾನಂತೆ. ನನಗೆ ಆ ವಿಷಯ ಗೊತ್ತಿರಲಿಲ್ಲ.

ಮಕ್ಕಳ ಜಾಕೆಟ್ ವಯಸ್ಸಿನ ಲೆಕ್ಕದಲ್ಲಿ ಬರುವುದಿಲ್ಲ, ತೂಕದ ಲೆಕ್ಕದಲ್ಲಿ ಬರುತ್ತದೆ ಅಂದೆ. ಚಿಕ್ಕಪ್ಪ ಒಳಗಿಂದ ಮೀನು ತೂಗುವ ಕೊಕ್ಕೆ ತಕ್ಕಡಿ ತಂದು ತೊಲೆಗೆ ನೇತು ಹಾಕಿದರು. ಹುಡುಗ ಎರಡೂ ಕೈಯಲ್ಲಿ ಕೊಕ್ಕೆ ಹಿಡಿದು, ಮಂಡಿ ಮಡಚಿ ಜೋತುಬಿದ್ದ. ಮುಳ್ಳು ಅಲ್ಲಾಡಿ ಅಲ್ಲಾಡಿ 22 ಕೆಜಿಗೆ ನಿಂತಿತು. ಚಿಕ್ಕ ಅಳತೆ 14ರಿಂದ 23 ಕೆಜಿ ತನಕ. ಅದರ ಮುಂದಿನದು 23ರಿಂದ 41. ಎರಡನ್ನೂ ಕಳಿಸುತ್ತೇನೆ ಅಂದೆ.