ಗಾಯದೊಳಗೊಂದು ತೋಟ

ಬೆಳಗ್ಗೆಯಿಂದ ಒಂದೇ ಕೊಂಬೆಯ ತುಂಡು ಹಿಡಿದು ಕೂತಿದ್ದೆ. ಹಳೇ ಗಾಯದ ಪಕ್ಕದಲ್ಲಿ ಗುಂಡುಸೂಜಿ ತಲೆಯಷ್ಟು ತೂತು. ಅದರಿಂದ ಹಲ್ಲುಕಡ್ಡಿಯ ಹಾಗೆ ಮರದ ಪುಡಿ ಹೊರಗೆ ಚಾಚಿಕೊಂಡಿತ್ತು. ನನ್ನ ಉಸಿರು ತಾಗಿದ್ದೇ ತಡ, ಉದುರಿಹೋಯಿತು.

ಸೀಳಿ ನೋಡಿದೆ. ಸುರಂಗದ ಗೋಡೆಯೆಲ್ಲ ಕಪ್ಪು. ಲೆನ್ಸ್ ಹಿಡಿದರೆ ತೆಳ್ಳಗೆ ಬಿಳಿ ಬೂಷ್ಟು.

ಆಂಬ್ರೋಸಿಯಾ ಜೀರುಂಡೆಯ ಕೆಲಸ! ಸೊರಗಿದ ಮರ ಬಿಡುವ ಆಲ್ಕೋಹಾಲ್ ವಾಸನೆ ಹಿಡಿದು ಬರುತ್ತದೆ. ಇರುವುದೇ ಕೆಲವು ಮಿಲಿಮೀಟರ್, ಅದರಲ್ಲೂ ಶಿಲೀಂಧ್ರದ ಬೀಜಕಣ ಹೊರಲು ಮೈಯಲ್ಲೇ ಪುಟ್ಟ ಚೀಲ. ಮರ ತಿನ್ನುವುದಿಲ್ಲ ಇದು. ಸುರಂಗ ಕೊರೆದು, ಬೂಷ್ಟು ಬೆಳೆಸಿ, ಮರಿಗಳಿಗೂ ಅದೇ ಊಟ. ಬೇಸಾಯವೇ ಅಲ್ವಾ?

ಮರವೂ ಸುಮ್ನೆ ಕೂರುವುದಿಲ್ಲ. ಗಾಯ ಮಾಯಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ, ಸುತ್ತ ಗೋಡೆ ಕಟ್ಟಿ ಕೊಳೆತದ್ದನ್ನು ಒಳಗೇ ಕೂಡಿಹಾಕುತ್ತದೆ. ಅಮೆರಿಕದ ಮರವಿಜ್ಞಾನಿ ಅಲೆಕ್ಸ್ ಶೈಗೋ ಸಾವಿರಾರು ಮರ ಉದ್ದಕ್ಕೆ ಸೀಳಿ ನೋಡಿ 1977ರಲ್ಲಿ ಬರೆದದ್ದು ಇದನ್ನೇ. (ಮಾಯಲಿ ಎಂದು ಮರದ ಗಾಯಕ್ಕೆ ಬಣ್ಣ ಬಳಿಯುವವರು ಈಗಲೂ ಬಳಿಯುತ್ತಿದ್ದಾರೆ, ಇರಲಿ.)

ನನ್ನ ತುಂಡಿನಲ್ಲೂ ಆ ಗೋಡೆಯ ಗೆರೆ ಇತ್ತು. ಕಂದು ಬಣ್ಣ, ಪೆನ್ಸಿಲ್‌ನಲ್ಲಿ ಎಳೆದ ಹಾಗೆ. ಗೆರೆಯ ಆಚೆ ಹೊಸ ಮರ, ಬೆಳ್ಳಗೆ.

ಜೀರುಂಡೆ ಮಾತ್ರ ಸಿಗಲಿಲ್ಲ. ಚೀಲ ತುಂಬಿಕೊಂಡು ಹೊರಟುಹೋಗಿರಬೇಕು.