‘ಹಾಗಾದ್ರೆ ಈಗ ನೀವು ಏನು?’

ನಾನು ಸಭೆ, ಅಂದರೆ ನಮ್ಮ ಮನೆಯವರು ಹೋಗುತ್ತಿದ್ದ ಕ್ರಿಶ್ಚಿಯನ್ ಪ್ರಾರ್ಥನಾ ಸಭೆ, ಬಿಟ್ಟು ಒಂಬತ್ತು ವರ್ಷ ಆಯಿತು. ಅವತ್ತಿನಿಂದ ಈ ಪ್ರಶ್ನೆಯನ್ನು ಆಫೀಸಿನ ಕ್ಯಾಂಟೀನಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದುಕೊಂಡು ಕೂತಿದ್ದಾಗಲೂ ಕೇಳಿಸಿಕೊಂಡಿದ್ದೇನೆ. ಇನ್ನು ಮೇಲೆ ಯಾರೇ ಕೇಳಿದರೂ ಇದನ್ನೇ ಕಳಿಸುತ್ತೇನೆ.

ಉತ್ತರ: ಏನೂ ಅಲ್ಲ. ಭಾನುವಾರ ಎಂಟೂವರೆವರೆಗೆ ಮಲಗುತ್ತೇನೆ. ಅರ್ಜಿಯಲ್ಲಿ ಧರ್ಮ ಅಂತ ಇರುವ ಕಡೆ ಈಗಲೂ ಕ್ರಿಶ್ಚಿಯನ್ ಅಂತಲೇ ಬರೆಯುತ್ತೇನೆ. ಅದನ್ನು ಬದಲಾಯಿಸೋಕೆ ಯಾರು ಅಲೀತಾರೆ?

ಇಷ್ಟಕ್ಕೆ ಬಿಡುವುದಿಲ್ಲ. ‘ಅಂದ್ರೆ ವಾಪಸ್ ಬಂದ್ರಿ ಅನ್ನಿ’ ಅಂತ ಖುಷಿಪಡುತ್ತಾರೆ. ಎಲ್ಲಿಗೆ ವಾಪಸ್? ನನ್ನೂರು ಗದಗ ಪಕ್ಕದ ಬೆಟಗೇರಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನ ಪಾದ್ರಿಗಳು ಅಲ್ಲಿಗೆ ಬಂದದ್ದು 1841ರಲ್ಲಿ. ಅವ್ವನ ಕಡೆಯವರು ಅಜ್ಜಿಯ ಅಜ್ಜಿಯ ಕಾಲದಿಂದ ಆ ಚರ್ಚಿನವರು. ವಾಪಸ್ ಹೋಗಬೇಕು ಅಂದರೆ ನನಗೆ ಇರುವುದು ಬೆಟಗೇರಿ ಬಸ್ ಮಾತ್ರ. ಇನ್ನು ಕೆಲವರು ‘ಕ್ರಿಶ್ಚಿಯನ್ ಆದ್ರೂ ಕನ್ನಡ ಎಷ್ಟು ಚೆನ್ನಾಗಿದೆ’ ಅಂತಾರೆ. ಕಿಟೆಲ್ ಅನ್ನುವ ಪಾದ್ರಿಯ ಕನ್ನಡ ನಿಘಂಟು 1894ರಲ್ಲೇ ಬಂದಿದೆ ಸ್ವಾಮಿ, ನಮಗೂ ಸ್ವಲ್ಪ ಅಭ್ಯಾಸ ಇದೆ.

ನಾನು ಬಿಟ್ಟದ್ದು ಆ ಹಳೆಯ ಚರ್ಚನ್ನಲ್ಲ. ಅಲ್ಲಿ ಅಜ್ಜಿ ಓಲೆ, ಬಳೆ ಹಾಕಿಕೊಂಡೇ ಹೋಗುತ್ತಿದ್ದಳು. ನನಗೆ ಐದು ವರ್ಷ ಇದ್ದಾಗ ಅಪ್ಪ ನಮ್ಮನ್ನೆಲ್ಲ ಬೇರೆ ಸಭೆಗೆ ಕರೆದುಕೊಂಡು ಹೋದ. ತಗಡಿನ ಶೆಡ್ಡು, ಒಂದು ಕೀಬೋರ್ಡು, ಗಂಡಸರಿಗೆ ಕುರ್ಚಿ, ಹೆಂಗಸರಿಗೆ ಜಮಖಾನ. ಅಲ್ಲಿಗೆ ಹೋದ ಮೇಲೆ ಅಪ್ಪ ಕುಡಿಯುವುದನ್ನು ಬಿಟ್ಟ. ಇವತ್ತಿನವರೆಗೂ ಮುಟ್ಟಿಲ್ಲ. ಹಾಗಾಗಿ ಆ ಸಭೆಯನ್ನು ಬಾಯಿ ತುಂಬ ಬೈಯಲು ನನಗೆ ಬರುವುದಿಲ್ಲ. ಕೇಳುವವರಿಗೆ ಇದೂ ಬೇಸರ.

ನೀರಿನಲ್ಲಿ ಮುಳುಗಿಸಿ ಸಭೆಗೆ ಸೇರಿಸಿಕೊಳ್ಳುವ ದೀಕ್ಷಾಸ್ನಾನದ ದಿನ ಅವ್ವ ಓಲೆ, ಬಳೆ ಎಲ್ಲ ಬಿಚ್ಚಿಟ್ಟಳು. ಹೆಂಗಸರು ಹೆಣೆದ ಕೂದಲು, ಚಿನ್ನ, ಮುತ್ತುಗಳಿಂದ ಅಲಂಕಾರ ಮಾಡಿಕೊಳ್ಳಬಾರದು ಅಂತ ಬೈಬಲಿನಲ್ಲಿ, ತಿಮೊಥೆಯನಿಗೆ ಬರೆದ ಮೊದಲನೇ ಪತ್ರದಲ್ಲಿದೆ. ಜಡೆಯ ಮಾತೂ ಅದೇ ವಚನದಲ್ಲಿದೆ, ಆದರೆ ನಮ್ಮ ಜಡೆಗೆ ಯಾರ ತಕರಾರೂ ಇರಲಿಲ್ಲ. ಪಾಸ್ಟರ ಚಿನ್ನದ ಬಣ್ಣದ ವಾಚಿಗೂ ಇರಲಿಲ್ಲ. ಕ್ರಿಸ್ತ ಗಂಡಸಿಗೆ ತಲೆ, ಗಂಡಸು ಹೆಂಗಸಿಗೆ ತಲೆ. ಇದು ಬೈಬಲಿನದೇ ಇನ್ನೊಂದು ಪತ್ರ, ಕೊರಿಂಥದವರಿಗೆ ಬರೆದದ್ದು. ನಾನು ಟ್ಯೂಷನ್‌ಗೆ ಹೋಗಬಹುದಾ, ಅವ್ವ ತವರಿಗೆ ಹೋಗಬಹುದಾ, ಮನೆಗೆ ಟಿವಿ ಬರಬಹುದಾ, ಎಲ್ಲವೂ ಈ ತಲೆಗಳಿಂದಲೇ ಇಳಿದು ಬರಬೇಕು.

ಹದಿನಾಲ್ಕನೇ ವಯಸ್ಸಿನಲ್ಲಿ ಒಂದು ಸಲ ಕೈ ಎತ್ತಿದ್ದೆ. ‘ಅಯ್ಯನವರೇ, ದೆಬೋರಳು ಇಸ್ರಾಯೇಲರಿಗೆ ನ್ಯಾಯಾಧಿಪತಿ ಆಗಿದ್ದಳಲ್ವಾ? ಹೆಂಗಸರು ಸಭೆಯಲ್ಲಿ ಮಾತಾಡಬಾರದು ಅಂದ್ರೆ ಆಕೆ ಹೇಗೆ ತೀರ್ಪು ಕೊಟ್ಟಳು?’ ಜಮಖಾನದ ಮೇಲೆ ಯಾರೋ ನನ್ನ ಲಂಗ ಹಿಡಿದು ಎಳೆದರು. ಪಾಸ್ಟರು ಶಾಂತವಾಗಿ ಹೇಳಿದರು: ‘ಆ ಕಾಲದಲ್ಲಿ ಗಂಡಸರು ಸರಿ ಇರಲಿಲ್ಲ ಮಗಳೇ, ಅದಕ್ಕೆ.’ ಈಗ ಸರಿ ಇದ್ದಾರಾ ಅಂತ ಕೇಳಲು ಧೈರ್ಯ ಬರಲಿಲ್ಲ. ಆ ಒಂದು ಪ್ರಶ್ನೆ ನುಂಗಿದ್ದಕ್ಕೆ ಈಗಲೂ ಹೊಟ್ಟೆ ಉರಿಯುತ್ತದೆ.

ಬಿಟ್ಟದ್ದು ಹೇಗೆ ಅಂತೀರಾ? ಪಾಸ್ಟರು ನೋಡಿದ ಗಂಡನ್ನು ಬೇಡ ಅಂದೆ, ಮೈಸೂರಿನ ಬಸ್ ಹತ್ತಿದೆ. ಕೆಲಸಕ್ಕೆ ಸೇರಿದ ಮೊದಲ ಎರಡು ತಿಂಗಳು ದಿನಾ ‘ಸರ್, ಊಟಕ್ಕೆ ಹೋಗ್ಲಾ?’ ಅಂತ ಕೇಳುತ್ತಿದ್ದೆ. ಕೊನೆಗೆ ಅವರೇ ‘ರೀ, ಹಸಿವಾಗಿರೋದು ನಿಮಗೋ ನನಗೋ?’ ಅಂದರು. ಚೂಡಿದಾರಕ್ಕೆ ಬಟ್ಟೆ ತಗೊಳ್ಳುವಾಗ ಯಾವ ಬಣ್ಣ ಅಂತ ತೋಚದೆ ಅಂಗಡಿಯವನನ್ನೇ ಕೇಳಿದ್ದೆ. ಅವನು ಮೂರು ವರ್ಷದಿಂದ ಮಾರಾಟವಾಗದ ಪಾಚಿ ಬಣ್ಣದ್ದನ್ನು ಕಟ್ಟಿಕೊಟ್ಟ ಅಂತ ನನ್ನ ಅನುಮಾನ.

ಇದನ್ನೆಲ್ಲ ಹೇಳಿದಾಗ ‘ಛೆ, ನಿಮ್ಮ ಧರ್ಮದಲ್ಲಿ ಹೀಗೆಲ್ಲ ಇದೆಯಾ’ ಅಂತ ಸಹೋದ್ಯೋಗಿಯೊಬ್ಬರು ತುಂಬ ನೊಂದುಕೊಂಡರು. ಅವರ ಹೆಂಡತಿಯ ಸಂಬಳದ ಎಟಿಎಂ ಕಾರ್ಡು ಅವರ ಪರ್ಸಿನಲ್ಲಿದೆ. ಸರ್ಕಾರದ ಕಾನೂನೂ ಏನು ಕಡಿಮೆ ಇರಲಿಲ್ಲ ಬಿಡಿ. 1998ರಲ್ಲಿ ನಮ್ಮ ಚಿಗವ್ವ ಹೊಡೆತ ತಾಳಲಾರದೆ ವಕೀಲರ ಹತ್ತಿರ ಹೋದಳು. ಆಗ ಇದ್ದದ್ದು 1869ರ ವಿಚ್ಛೇದನ ಕಾಯ್ದೆ. ಹೆಂಡತಿಗೆ ಬೇರೆ ಸಂಬಂಧ ಇದೆ ಅಂತ ತೋರಿಸಿದರೆ ಕ್ರಿಶ್ಚಿಯನ್ ಗಂಡನಿಗೆ ಸಾಕು. ಹೆಂಡತಿಗೆ ಬರೀ ಹೊಡೆತ ಸಾಲದು, ಗಂಡನಿಗೆ ಬೇರೆ ಸಂಬಂಧ ಇದೆ ಅಂತಲೂ ಸಾಬೀತು ಮಾಡಬೇಕು. ‘ಅವನು ಬರೇ ಹೊಡಿತಾನ್ರೀ, ಬ್ಯಾರೆ ಚಟ ಇಲ್ಲ’ ಅಂದಳಂತೆ ಚಿಗವ್ವ. ಫೈಲು ಮುಚ್ಚಿ ಕಳಿಸಿದರು. ಕಾಯ್ದೆ ತಿದ್ದಿದ್ದು 2001ರಲ್ಲಿ.

ನೀವೆಲ್ಲ ದೇವರ ವಿಷಯ ಕೇಳುತ್ತೀರಿ. ದೇವರ ಜೊತೆ ನನಗೆ ದೊಡ್ಡ ಜಗಳವೇನೂ ಆಗಿಲ್ಲ. ‘ನಿಮ್ಮವ್ವ ಹೇಗಿದ್ದಾರೆ?’ ಅಂತ ಇಲ್ಲಿವರೆಗೆ ಒಬ್ಬರೂ ಕೇಳಿಲ್ಲ.

ಚೆನ್ನಾಗಿದ್ದಾಳೆ. ಬುಧವಾರ ಸಂಜೆ ಅಪ್ಪ ಗಂಡಸರ ಪ್ರಾರ್ಥನೆಗೆ ಹೋದಾಗ ಫೋನ್ ಮಾಡುತ್ತಾಳೆ. ಮೊದಲ ಮಾತು ‘ಊಟ ಆತೇನು?’ ಆಮೇಲೆ ನೀರು ಬಂತಾ, ತಮ್ಮನ ಮಗು ನಡೆಯುತ್ತಾ, ಹೀಗೆ ಇಪ್ಪತ್ತು ನಿಮಿಷ. ಸಭೆಯ ಸುದ್ದಿ ಅವಳೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ಎರಡು ವರ್ಷದ ಹಿಂದೆ, ಮೂವತ್ತೊಂದನೇ ವಯಸ್ಸಿಗೆ, ಮೈಸೂರಿನ ಅಶೋಕ ರಸ್ತೆಯಲ್ಲಿ ಕಿವಿ ಚುಚ್ಚಿಸಿಕೊಂಡೆ. ಅಕ್ಕಸಾಲಿ ಅಜ್ಜ ನನ್ನ ಹಿಂದೆ ಮುಂದೆ ನೋಡಿ ‘ಮಗು ಎಲ್ಲಮ್ಮ?’ ಅಂದರು. ನನಗೇ ಅಂದಾಗ ಕನ್ನಡಕ ಏರಿಸಿ ನೋಡಿದರು. ಚುಚ್ಚಿದ ಮೇಲೆ ಅಭ್ಯಾಸಬಲದಿಂದ ಡಬ್ಬಿ ತೆಗೆದು ಒಂದು ಕಲ್ಲುಸಕ್ಕರೆ ಕೈಗಿಟ್ಟರು. ಅದನ್ನು ಚೀಪುತ್ತಾ, ಕಿವಿ ಧಗಧಗ ಉರಿಯುತ್ತಾ, ಬಸ್ ಸ್ಟ್ಯಾಂಡಿನವರೆಗೆ ನಡೆದೆ.

ಆ ಬುಧವಾರ ಅವ್ವನಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು. ಪ್ರಾರ್ಥನೆ ಶುರು ಮಾಡುತ್ತಾಳೆ ಅಂದುಕೊಂಡೆ.

‘ಯಾವ ಕಿವಿ ಜಾಸ್ತಿ ನೋಯಾಕತ್ತೈತಿ?’

‘ಎಡದ್ದು.’

‘ಕೊಬ್ಬರಿ ಎಣ್ಣಿ ಹಚ್ಚು. ಓಲಿ ತೆಗೆದಾಗ ಬೇವಿನ ಕಡ್ಡಿ ಹಾಕ್ಕೋ. ಖಾಲಿ ಬಿಟ್ರ ಮುಚ್ಚಿ ಹೋಗ್ತಾವ.’

‘ನಿನ್ನವು ಮುಚ್ಚಿ ಎಷ್ಟು ವರ್ಷ ಆತು ಅವ್ವಾ?’

‘ನನ್ನವು ಎಲ್ಲಿ ಮುಚ್ಚ್ಯಾವ?’ ಅಂದಳು. ‘ರಾತ್ರಿ ಕಡ್ಡಿ ಹಾಕ್ಕೊಂಡ ಮಲಗತೀನಿ. ನಿಮ್ಮಪ್ಪ ಬಂದ್ರು, ಇಡತೀನಿ.’