ಹಂಗಾಮು ಮುಗಿದರೆ ಕಾಣೆಯಾಗುವ ಕಂಪ್ಯೂಟರ್‌ಗಳು

ನಾನು ಕೆಲಸ ಮಾಡುವುದು ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯ ಐಟಿ ವಿಭಾಗದಲ್ಲಿ. ಆಗಸ್ಟ್‌ನಲ್ಲಿ ಆಂಟಿವೈರಸ್ ಲೈಸೆನ್ಸ್ ನವೀಕರಣ ಬಂತು. ಅಕೌಂಟ್ಸ್ ಸಾಹೇಬರು ಲೈಸೆನ್ಸ್ ಬೇಕಾದ ಕಂಪ್ಯೂಟರ್‌ಗಳ ಲಿಸ್ಟ್ ನೋಡಿ ಕೇಳಿದರು: "ಆಫೀಸ್ನಾಗ ಇಷ್ಟ್ ಮಂದೀನ ಇಲ್ಲ, ಇಷ್ಟ್ ಕಂಪ್ಯೂಟರ್ ಎಲ್ಲಿಂದ ಬಂದ್ವು? ಬಂದ್ ಬಿದ್ದಾವನ್ನ ತೆಗದು ಕೊಡ್ರಿ."

ಕೇಳಿದ್ದು ನ್ಯಾಯವೇ. ಗುಜರಿಗೆ ಹೋದ ಯಂತ್ರಗಳ ಹೆಸರೂ ಆ ಲಿಸ್ಟ್‌ನಲ್ಲಿ ಆರಾಮಾಗಿ ಕೂತಿರುತ್ತವೆ.

ಆಫೀಸಿನ ಕಂಪ್ಯೂಟರ್, ಬಳಕೆದಾರರ ದಾಖಲೆ ಇಡುವ ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ಪ್ರತಿ ಕಂಪ್ಯೂಟರ್‌ಗೂ ಕೊನೆಯ ಲಾಗಾನ್ ತಾರೀಕು ಇರುತ್ತದೆ. ಸರ್ವರ್‌ಗಳ ನಡುವೆ ಹಂಚಿಕೆಯಾಗುವ ಆ ತಾರೀಕು ದಿನಾ ಬದಲಾಗುವುದಿಲ್ಲ. ಸೆಟ್ಟಿಂಗ್ ಮುಟ್ಟದಿದ್ದರೆ 9ರಿಂದ 14 ದಿನ ಹಳೆಯದಾದ ಮೇಲಷ್ಟೇ ಹೊಸದಾಗುತ್ತದೆ. ಹಾಗಾಗಿ ಹತ್ತು ದಿನಕ್ಕಿಂತ ಹಳೇ ತಾರೀಕಿನವನ್ನು ಬಿಡುವ ಫಿಲ್ಟರ್ ಹಾಕಿದರೆ ಎದುರಿಗೆ ಓಡುತ್ತಿರುವ ಪಿಸಿಯೂ ಹೊರಗೆ ಬೀಳಬಹುದು. ನಾನು 90 ದಿನ ಇಟ್ಟೆ. ಲಿಸ್ಟ್ ಚೆನ್ನಾಗಿ ಇಳಿಯಿತು. ಚೆನ್ನಾಗಿ ಅಂದರೆ, ಅನುಮಾನ ಬರುವಷ್ಟು.

ಹೊರಬಿದ್ದ ಹೆಸರುಗಳಲ್ಲಿ ತೂಕದ ಕಾಟಾದವು, ಕಬ್ಬಿನ ಯಾರ್ಡ್‌ನ ಟೋಕನ್ ಕೌಂಟರ್‌ನವು ಒಟ್ಟಿಗೆ ಇದ್ದವು. ಕಾಟಾ ಕಡೆ ನಡೆದೆ. ರೂಮಿಗೆ ಬೀಗ. ಆಪರೇಟರ್ ಅಣ್ಣ ಬಂದು ತೆಗೆದ. ಮಾನಿಟರ್ ಮೇಲೆ ಹಳೇ ಸಕ್ಕರೆ ಚೀಲ ಹೊದಿಸಿತ್ತು, ಕೀಬೋರ್ಡ್ ಸಂದಿಯಲ್ಲಿ ಕಬ್ಬಿನ ರವದಿ ಚೂರು. "ಸತ್ತಿಲ್ರಿ ಸರ, ಮಲಗ್ಯಾವ. ಹಂಗಾಮ್ ಬಂದ್ರ ಏಳ್ತಾವ" ಎಂದ.

ನಮ್ಮ ಕಡೆ ಕಬ್ಬು ನುರಿಸುವುದು ಅಕ್ಟೋಬರ್-ನವೆಂಬರ್‌ಗೆ ಶುರುವಾಗಿ ಬೇಸಿಗೆಯೊಳಗೆ ಮುಗಿಯುತ್ತದೆ. ಆಮೇಲೆ ಆ ಪಿಸಿಗಳನ್ನು ಯಾರೂ ಮುಟ್ಟುವುದಿಲ್ಲ. ಲಿಸ್ಟ್‌ನಿಂದ ಬಿಟ್ಟರೆ ಅಷ್ಟೇನಿಲ್ಲ. ಆದರೆ ನಿಷ್ಕ್ರಿಯ ಅಂತ ಡೈರೆಕ್ಟರಿಯಿಂದಲೇ ಅಕೌಂಟ್ ಅಳಿಸುವ ಅಭ್ಯಾಸ ಬಹಳ ಕಡೆ ಇದೆ. ಹಾಗೆ ಮಾಡಿದ್ದರೆ ಹಂಗಾಮಿನ ಮೊದಲ ದಿನ ಡೊಮೇನ್ (ಕಾರ್ಖಾನೆಯ ಕಂಪ್ಯೂಟರ್ ಜಾಲ) ಜೊತೆ ನಂಬಿಕೆಯ ಕೊಂಡಿ ಕಡಿದಿದೆ ಎಂಬ ಎರರ್ ಬರುತ್ತಿತ್ತು, ಹೊರಗೆ ಟ್ರ್ಯಾಕ್ಟರ್ ಸಾಲು ನಿಂತಿರುತ್ತಿತ್ತು. ರೈತರ ಬೈಗುಳ ಮಾತ್ರ ಕಾಟಾದ ಅಣ್ಣನಿಗೇ ಅಲ್ವಾ?

ಇನ್ನೊಂದು ತಲೆನೋವು ಜೋಡಿ ಹೆಸರುಗಳದ್ದು. ವಿಂಡೋಸ್ ಹೊಸದಾಗಿ ಹಾಕಿ ಬೇರೆ ಹೆಸರು ಕೊಟ್ಟರೆ ಹಳೇ ಹೆಸರು ಹಾಗೇ ಉಳಿಯುತ್ತದೆ. ಸೀರಿಯಲ್ ನಂಬರ್ ಹಿಡಿದು ಜೋಡಿಗಳನ್ನು ಹುಡುಕಿದೆ. ಬ್ರ್ಯಾಂಡೆಡ್ ಯಂತ್ರಗಳಿಗೆ ಸರಿಹೋಯಿತು. ಅಸೆಂಬಲ್ ಮಾಡಿಸಿದವಕ್ಕೆ ಮಾತ್ರ ನಂಬರ್ ಜಾಗದಲ್ಲಿ 'ಟು ಬಿ ಫಿಲ್ಡ್ ಬೈ ಒ.ಇ.ಎಂ.' ಅಂತಲೇ ಇತ್ತು, ಅಂದರೆ ಯಂತ್ರ ತಯಾರಿಸುವವರು ತುಂಬಬೇಕು ಅಂತ. ಮದರ್‌ಬೋರ್ಡ್ ತಯಾರಕರು ಖಾಲಿ ಬಿಟ್ಟ ಜಾಗ ಅದು. ಒಂದೇ ನಂಬರ್ ಎಂದುಕೊಂಡು ಕೂಡಿಸಿದರೆ ಅಂಥವೆಲ್ಲ ಒಂದೇ ಕಂಪ್ಯೂಟರ್ ಆಗಿಬಿಡುತ್ತವೆ! ಅವನ್ನು ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆಯಾದ ಮ್ಯಾಕ್ ವಿಳಾಸದಿಂದ ಬೇರೆ ಮಾಡಬೇಕಾಯಿತು.

ಕೊನೆಗೆ ತಾರೀಕಿನ ಪಕ್ಕ ಒಂದು ಸ್ಥಿತಿಯ ಕಾಲಂ ಸೇರಿಸಿದೆ: ಬಳಕೆಯಲ್ಲಿ, ಹಂಗಾಮಿ (ಹಂಗಾಮಿನಲ್ಲಷ್ಟೇ ಬಳಸುವವು), ಸ್ಟೋರ್, ಗುಜರಿ. 90 ದಿನ ದಾಟಿದರೂ 'ಹಂಗಾಮಿ' ಎಂದಿದ್ದರೆ ಲಿಸ್ಟ್‌ನಲ್ಲಿ ಇರುತ್ತದೆ. ಗುಜರಿಗೆ ಹಾಕಲು ಸ್ಟೋರ್ ರಿಜಿಸ್ಟರ್‌ನಲ್ಲಿ ಸಹಿ ಬೇಕು. ಸಾಹೇಬರು "ಹಂಗಾಮಿಗೂ ವರ್ಷದ ಲೈಸೆನ್ಸ್ ಯಾಕ?" ಅಂತ ಗೊಣಗಿದರು, ಆದರೂ ಒಪ್ಪಿದರು.

ಹಂಗಾಮು ಶುರುವಾದಾಗ ಕಾಟಾದ ಒಂದು ಪಿಸಿ ಏಳಲೇ ಇಲ್ಲ. ಕೇಸ್ ಬಿಚ್ಚಿದರೆ ಇಲಿ ವೈರ್ ಕಡಿದಿತ್ತು. ಕಾಲಂಗೆ 'ರಿಪೇರಿ' ಅಂತ ಐದನೇ ಸ್ಥಿತಿ ಬಂತು.